ಮಾವ ಕೈಯಾರೆ ಕಟ್ಟಿದ ಪ್ರೋಗ್ರಾಂ

ಒಂದಾನೊಂದು ಊರಿನ ಕಣ್ಣಾಸ್ಪತ್ರೆಯಲ್ಲಿ ಒಬ್ಬ ಮಾವ ಕಣ್ಣಿಗೆ ಹನಿ ಹಾಕಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಸೋದರಸೊಸೆ. ಗ್ರಂಥಾಲಯದ ಸರ್ವರ್ ನೋಡಿಕೊಳ್ಳುವ ಅವರ ಕೆಲಸ ನಾಳೆಯಿಂದ ಅವಳದು. ಎದುರು ಬೆಂಚಿನಲ್ಲಿ ನಾನು.

“ಮಾವ, ನಾಳೆ ಅಪ್‌ಡೇಟ್ ಮಾಡ್ಲೇಬೇಕು. ಪುಸ್ತಕ ಹುಡುಕೋ ಪ್ರೋಗ್ರಾಂ ಉಳಿಯುತ್ತಾ?”

“ಸರ್ವರ್‌ಗೆ ಪ್ರೋಗ್ರಾಂಗಳನ್ನ ತಂದು ಹಾಕೋ ಪ್ಯಾಕೇಜ್ ಮ್ಯಾನೇಜರ್ ಇದೆಯಲ್ಲ, ಅದು ತಾನು ತಂದಿದ್ದನ್ನ ಮಾತ್ರ ನೋಡ್ಕೊಳ್ಳುತ್ತೆ. ಇದು ನಾನೇ ಸೋರ್ಸ್‌ನಿಂದ, ಅಂದ್ರೆ ಮೂಲ ಕೋಡ್‌ನಿಂದ, ಕಂಪೈಲ್ ಮಾಡಿ ಕಟ್ಟಿದ್ದು, ಅದಕ್ಕೆ ಗೊತ್ತೇ ಇಲ್ಲ.”

“ಎಲ್ಲಿಟ್ಟಿದೀರಿ?”

“ಆ ಪ್ಯಾಕೇಜ್ ಮ್ಯಾನೇಜರ್‌ದೇ ಫೋಲ್ಡರ್‌ನಲ್ಲಿ.”

“ಅಯ್ಯೋ! ಪಕ್ಕದ ಮನೆಯವರ ಕಪಾಟಲ್ಲಿ ನಮ್ಮ ಸೀರೆ ಇಟ್ಟ ಹಾಗಾಯ್ತು. ಅದು ತನ್ನದನ್ನ ತಂದು ಇದರ ಮೇಲೇ ಹಾಕಿಬಿಟ್ರೆ?”

“ಹೋದ ವರ್ಷ ಹಾಕಿತ್ತು. ಎರಡು ದಿನ ಕೂತು ಮತ್ತೆ ಕಟ್ಟಿದೆ.”

“ಅದು ಕೊಡೋದನ್ನೇ ಯಾಕೆ ಬಳಸಬಾರದು?”

“ಹಳೇ ಲಿಪಿಯ ಪುಸ್ತಕ ಅದಕ್ಕೆ ಸಿಗಲ್ಲ ಕಣೇ.”

“ಹಾಗಾದ್ರೆ ಅಪ್‌ಡೇಟ್‌ಗೆ ಮುಂಚೆ ಬೇರೆ ಫೋಲ್ಡರ್‌ನಲ್ಲಿ ಕಟ್ತೀನಿ. ಹೇಗೆ ಕಟ್ಟಿದ್ದು ಅಂತ ಬರ್ಕೊಡ್ತೀನಿ ಅಂತ ನೀವು ಅಂದು ಮೂರು ವರ್ಷ ಆಯ್ತು.”

“ಈಗ ಕಣ್ಣೇ ಕಾಣ್ತಿಲ್ವಲ್ಲ!”

“ಬಾಯಿದೆಯಲ್ಲ, ಹೇಳಿ.”

ಮಾವ ಕಂಪ್ಯೂಟರ್‌ಗೆ ಕೊಡಬೇಕಾದ ಒಂದೊಂದೇ ಆಜ್ಞೆ ನೆನೆದು ಹೇಳಿದರು. ಅವಳು ಟೋಕನ್ ಚೀಟಿಯ ಹಿಂದೆ ಬರೆದಳು. ಒಳಗಿನಿಂದ ಕರೆ ಬಂತು.

“ಮುಂದೆ?”

“ಅಷ್ಟೇ, ಮುಗೀತು. ಎಷ್ಟು ಸಾಲಾಯ್ತು?”

“ಏಳು.”

“ಏಳೇನಾ? ಇದಕ್ಕಾ ನಾನು ಮೂರು ವರ್ಷ ಎಳೆದೆ!” ಎನ್ನುತ್ತಾ ಮಾವ ಅವಳ ಕೈ ಹಿಡಿದು ಒಳಗೆ ನಡೆದರು.