ಹಿಮ್ಮಡಿಯ ಕಾಡಿಗೆ

ಅಣ್ಣನ ಮಗಳು ನೀಲೂಗೆ ಮೂರು ತುಂಬುತ್ತ ಬಂತು, ಇನ್ನೂ ತುದಿಗಾಲಲ್ಲೇ ನಡೆಯುತ್ತಾಳೆ. ಮನೆಯಲ್ಲಿ ಈ ಮಾತು ಹೇಗೆ ಎತ್ತಲಿ ಎಂದು ನನ್ನೊಳಗೇ ಕೇಳಿಕೊಳ್ಳುತ್ತಿದ್ದೆ. ಅವ್ವನಿಗೆ ಆ ನಡಿಗೆಯೆಂದರೆ ಬಲು ಹೆಮ್ಮೆ. ನಮ್ಮ ಓಣಿಯ ಹೆಂಗಸರ ಸತ್ಸಂಗವಾದ ಅಕ್ಕನ ಬಳಗದಲ್ಲಿ ಈ ಸೋಮವಾರ ಪ್ರವಚನದ ಸರದಿ ನನ್ನದೆಂದಾಗ, ಕಥೆಯಲ್ಲಿ ಹೇಳಿದರಾಯಿತು, ಅವ್ವ ತಿಳಿದುಕೊಂಡಾಳು ಎಂದುಕೊಂಡೆ. ಅವ್ವ ಮುಂದಿನ ಸಾಲಿನಲ್ಲಿ ನೀಲೂನನ್ನು ತೊಡೆಯ ಮೇಲೆ ಕೂಡಿಸಿಕೊಂಡಿದ್ದಳು. ನಾನು ಮೈಕು ಹಿಡಿದು ಶುರು ಮಾಡಿದೆ.

ಶರಣು ತಾಯಂದಿರೇ. ಒಂದು ಊರು, ಅಲ್ಲೊಬ್ಬ ಶ್ರೀಮಂತ. ಬಹಳ ವರ್ಷ ಕಾದ ಮೇಲೆ ಅವನಿಗೊಂದು ಗಂಡುಮಗು ಹುಟ್ಟಿತು. ಮಗು ಹೊಸ್ತಿಲು ದಾಟಿದ ದಿನ ಊರಿಗೆಲ್ಲ ಹೋಳಿಗೆ ಊಟ. ದಾಟಿದ್ದು ಹೇಗೆ? ತುದಿಗಾಲಿನ ಮೇಲೆ. ನೋಡಿ, ಬಾಯಲ್ಲಿ ಹೋಳಿಗೆ ಇರುವಾಗ ಯಾರು ತಾನೇ ಕೊರತೆ ಹೇಳುತ್ತಾರೆ? ಒಬ್ಬ ಅಂದ, "ಸಾವುಕಾರ್ರ, ನವಿಲು ಹೆಜ್ಜಿ ಇಟ್ಟಂಗ ಐತ್ರಿ!" ಇನ್ನೊಬ್ಬ ಅಂದ, "ಈಗಿಂದನ ಎತ್ತರ ಆಗಾಕತ್ಯಾನ್ರಿ!" ಮತ್ತೊಬ್ಬ ತುಪ್ಪ ಬಡಿಸಿಕೊಳ್ಳುತ್ತ, "ಭೂಮಿತಾಯಿಗೆ ನೋವಾಗಬಾರದಂತ ಹಿಂಗ ನಡೀತಾನ್ರಿ, ಪುಣ್ಯವಂತ!" ಎಂದ.

ನಿಜ ಕಂಡವಳು ಒಬ್ಬಳೇ, ಮಗುವಿನ ತಾಯಿ. ದೃಷ್ಟಿ ತಾಗದಿರಲೆಂದು ನಾವು ಕೂಸಿನ ಅಂಗಾಲಿಗೆ ಕಾಡಿಗೆ ಬೊಟ್ಟು ಇಡುತ್ತೇವಲ್ಲ, ಅವಳೂ ದಿನಾ ಮುಂಜಾನೆ ಹಿಮ್ಮಡಿಗೆ ಇಡುತ್ತಿದ್ದಳು. ನಡೆಯುವ ಕೂಸಿನ ಕಾಲಿನ ಕಾಡಿಗೆ ಸಂಜೆಯತನಕ ಉಳಿಯುತ್ತದೆಯೇ? ನಿಮ್ಮ ಮಕ್ಕಳದು ಉಳಿದಿತ್ತೇ? ಇಲ್ಲ. ಇವನದು ಇಟ್ಟಹಾಗೇ ಇರುತ್ತಿತ್ತು. ಹಿಮ್ಮಡಿ ನೆಲ ಮುಟ್ಟಿದರೆ ತಾನೇ ಅಳಿಸುವುದು? ತಾಯಿ ನೋಡಿದಳು. ಅತ್ತೆ ಏನೆಂದಾಳು, ಗಂಡ ಏನೆಂದಾನು ಎಂದು ಸುಮ್ಮನಾದಳು. ಸಂಜೆ ಕಾಡಿಗೆ ಒರೆಸಿದಳು. ಮುಂಜಾನೆ ಮತ್ತೆ ಇಟ್ಟಳು.

ಹುಡುಗ ಬೆಳೆದ. ಓರಗೆಯವರ ಜೊತೆ ಓಡಿದರೆ ಮುಗ್ಗರಿಸುವನು. ಕುಕ್ಕರಗಾಲಲ್ಲಿ ಕೂತರೆ ಹಿಂದಕ್ಕೆ ಬೀಳುವನು. ಆಗ ವೈದ್ಯರನ್ನು ಕರೆಸಿದರು. ಅವರು ಪಾದ ಹಿಡಿದು ಮೆಲ್ಲಗೆ ಮೇಲಕ್ಕೆ ಒತ್ತಿ ನೋಡಿದರು. "ಸಣ್ಣ ಕೂಸುಗಳು ಭಾಳ ಹಿಂಗ ನಡೀತಾವು, ತಾವ ಬಿಡ್ತಾವು. ಇವ ಬಿಟ್ಟಿಲ್ಲ, ಮೀನಖಂಡ ಬಿಗದೈತಿ. ನೆಟ್ಟಗ ಮಾಡೂಣು, ಆದ್ರ ಹುಡುಗ ಈಗ ಭಾಳ ನೋವು ತಿನ್ನಬೇಕು. ಇಷ್ಟು ಮಂದಿ ಇದ್ದೀರಿ, ಯಾರೂ ನೋಡಲಿಲ್ಲೇನು?"

ಶ್ರೀಮಂತ ಹೋಳಿಗೆ ಉಂಡವರ ಕಡೆ ತಿರುಗಿದ. ಎಲ್ಲರೂ ತಮ್ಮ ತಮ್ಮ ಕಾಲಬೆರಳು ನೋಡಿಕೊಂಡರು. ತಾಯಿಯ ಕೈಯಲ್ಲಿ ಕಾಡಿಗೆ ಡಬ್ಬಿ ಇತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ತಾಯಂದಿರೇ, ಅವಳಿಗೆ ಮಗುವಿನ ಮೇಲೆ ಪ್ರೀತಿ ಕಡಿಮೆಯಿತ್ತೇ? ಇರಲಿಲ್ಲ. ನಮಗೂ ಇಲ್ಲ. ಆದರೆ ನಾವು ಕೂಸಿನ ಮುಖ ನೋಡಿ ಮುದ್ದಿಸುತ್ತೇವೆ, ಕಾಲು ನೋಡುವುದಿಲ್ಲ. ಮನೆಗೆ ಹೋಗಿ ಕೂಸನ್ನು ಬರಿಗಾಲಲ್ಲಿ ನೆಲಕ್ಕೆ ಬಿಡಿ. ಹೆಜ್ಜೆ ನೋಡಿ. ಅನುಮಾನ ಬಂದರೆ ಬೈಯಬೇಡಿ, ಹೊಡೆಯಬೇಡಿ, ಮುಚ್ಚಿಡಬೇಡಿ. ಡಾಕ್ಟರಿಗೆ ತೋರಿಸಿ. ಮನೆಯವರು ಸಿಟ್ಟಾದರೂ ಚಿಂತೆಯಿಲ್ಲ, ಕಂಡದ್ದನ್ನು ಕಂಡ ದಿನವೇ ಹೇಳಿ.

ಎಲ್ಲರೂ ತಲೆದೂಗಿದರು. ಎಲ್ಲರಿಗಿಂತ ಹೆಚ್ಚು ತಲೆದೂಗಿದವಳು ಅವ್ವ. ಪಕ್ಕದವರಿಗೆ ಹೇಳುತ್ತಿದ್ದಳು, "ಖರೇ ಹೇಳಿದ್ಲು ನೋಡ್ರಿ ನನ್ನ ಮಗಳು. ಹಿಂದಿನ ಓಣ್ಯಾಗ ಹಂಗ ಒಂದು ಹುಡುಗ ಐತಿ. ಅವ್ರಿಗೆ ಯಾರು ತಿಳಿಸಿ ಹೇಳಬೇಕು!"

ಅಷ್ಟರಲ್ಲಿ ನೀಲೂ ಅವಳ ತೊಡೆಯಿಂದ ಜಾರಿ ನನ್ನ ಕಡೆ ಬರತೊಡಗಿದಳು, ತುದಿಗಾಲಿನ ಮೇಲೆ.

"ಅಯ್ಯ, ನಮ್ಮ ನೀಲೂ ಹೆಂಗ ಕುಣಕೋಂತ ಹೊಂಟಾಳ ನೋಡ್ರಿ!" ಎಂದರು ಯಾರೋ. ಎಲ್ಲರೂ ನಕ್ಕರು. ಅವ್ವನೂ ನಕ್ಕಳು.

ಶರಣು ಶರಣಾರ್ಥಿ ಎಂದು ಇಳಿದುಬಿಡಬಹುದಿತ್ತು. ನಾನು ನೀಲೂನನ್ನು ಎತ್ತಿಕೊಂಡು ಪಾದ ತಿರುಗಿಸಿ ನೋಡಿದೆ. ಅವಳ ತಾಯಿ, ನನ್ನ ವೈನಿ, ಮುಂಜಾನೆ ಹಿಮ್ಮಡಿಗೆ ಇಟ್ಟ ಕಾಡಿಗೆ ಬೊಟ್ಟು ಒಂದಿಷ್ಟೂ ಮಾಸಿರಲಿಲ್ಲ. ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ಅವ್ವನ ಮುಖ ನೋಡಿದೆ.

"ಅವ್ವಾ, ನಾ ಹೇಳಿದ್ದು ಹಿಂದಿನ ಓಣಿ ಹುಡುಗಂದಲ್ಲ. ನಮ್ಮ ನೀಲೂನ ಹಿಮ್ಮಡಿ ನೆಲಾ ಮುಟ್ಟವಲ್ದು."