ಫುಝೌ ಅಜ್ಜಿಯ ಮಾತು

ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕೆಂದು ಯಾರೋ ರಸ್ತೆ ತಡೆದಿದ್ದರು. ನಾರಾಯಣಖೇಡದ ಸ್ಟ್ಯಾಂಡಿಗೆ ಬಸ್ಸೇ ಬಂದಿರಲಿಲ್ಲ. ತನ್ನೂರಿನ ಬಸ್ಸಿಗೆ ಕಾಯುತ್ತ ಉಮಾಬಾಯಿ ಕೂತಿದ್ದ ಬೆಂಚಿನ ಇನ್ನೊಂದು ತುದಿಯಲ್ಲಿ, ಚೀನಾದಲ್ಲಿ ಡಾಕ್ಟರಿಕೆ ಓದುವ ಹುಡುಗಿಯೊಬ್ಬಳು ರಜೆ ಮುಗಿಸಿ ಕಾಕಾನ ಜೊತೆ ಹೊರಟು ಕೂತಿದ್ದಳು. ಉಮಾಬಾಯಿಯ ಕಿವಿ ಅತ್ತಲೇ ಇತ್ತು.

“ಚೀನೀ ಕಲ್ತೀದಿ, ಮತ್ತ ಪೇಷಂಟ್ ಮಾತು ಯಾಕ ತಿಳಿವಲ್ದು, ಶಿಲ್ಪಾ?”

“ನಾ ಕಲ್ತದ್ದು ಬೀಜಿಂಗ್ ಕಡಿ ಮಾತು, ಕಾಕಾ. ನಮ್ಮ ದವಾಖಾನಿ ಫುಝೌ ಊರಾಗ ಅದ. ಅಲ್ಲಿ ಮುದುಕರ ಮಾತು ಬ್ಯಾರೇನೇ.”

“ನಮ್ಮ ಕನ್ನಡ, ಮೈಸೂರು ಕನ್ನಡ ಇದ್ದಂಗೇನು?”

“ಅಲ್ಲ, ಕನ್ನಡ-ತೆಲುಗು ಇದ್ದಂಗ. ಇವರದು ಅವರಿಗೆ ತಿಳಿಯಂಗಿಲ್ಲ. ಚೀನಾದಾಗ ಅಂಥಾ ಮಾತಿನ ಗುಂಪು ಏಳು ಅಂತಾರ, ಕೆಲವರು ಹತ್ತು ಅಂತಾರ.”

“ಮತ್ತ ಎಲ್ಲಾಕ್ಕೂ ಚೀನೀ ಅಂತ ಒಂದೇ ಹೆಸರು?”

“ಬರೆಯೋ ಅಕ್ಷರ ಒಂದೇ, ದೇಶಾನೂ ಒಂದೇ. ಸರ್ಕಾರ ಉಪಭಾಷೆ ಅಂತದ. ಭಾಷಾ ಓದಿದವರು ಬಹಳ ಮಂದಿ ಬ್ಯಾರೆ ಬ್ಯಾರೆ ಭಾಷೆ ಅಂತಾರ.”

“ಹಂಗಾದ್ರ ಬೀಜಿಂಗ್ ಕಡಿ ದವಾಖಾನಿಗೆ ಹೋಗು.”

“ಇಲ್ಲ ಕಾಕಾ. ಒಬ್ಬ ಅಜ್ಜಿ ಎಲ್ಲಿ ನೋಯ್ತದ ಅಂತ ಹೇಳ್ತಾನೇ ಇದ್ಲು, ನನಗ ತಿಳೀಲಿಲ್ಲ. ನರ್ಸ್ ಬರೋತನಕ ಆಕಿ ಕೈ ಹಿಡ್ಕೊಂಡು ಕೂತೆ. ನಾ ಅದೇ ಮಾತು ಕಲೀತೀನಿ. ಶುರು ಮಾಡೀನಿ.”

ಕಾಕಾ ಅವಳ ಕಡೆ ತಿರುಗಿ ಕೂತ.

“ಎಲ್ಲಿ ನೋಯ್ತದ ಅಂತ ಕೇಳಬೇಕಾದ್ರ ಹೆಂಗ ಕೇಳ್ತಾರ ಅಲ್ಲಿ?”

ಅವಳು ಹೇಳಿದಳು. ಅಷ್ಟರಲ್ಲಿ ರಸ್ತೆ ತೆರವಾಗಿ ಜಹೀರಾಬಾದ್ ಬಸ್ಸು ಬಂತು. ಕಾಕಾ ಚೀಲ ಹೆಗಲಿಗೇರಿಸಿ, ಆ ಮಾತನ್ನು ತಪ್ಪುತಪ್ಪಾಗಿ ಅನ್ನುತ್ತ ಹತ್ತಿದ. ಹಿಂದೆ ಅವಳು ತಿದ್ದುತ್ತ ಹತ್ತಿದಳು. ಬಸ್ಸು ತಿರುಗುವಾಗ ಕಿಟಕಿಯಿಂದ ಅವನ ದನಿ ಮತ್ತೊಮ್ಮೆ ಉಮಾಬಾಯಿಗೆ ಕೇಳಿಸಿತು. ಈ ಸಲ ಹುಡುಗಿ ತಿದ್ದಲಿಲ್ಲ.