ಶಾಲು ಹೊದ್ದ ಫೋಟೋ

ಮಣಿಪಾಲದ ಬಸ್ ಸ್ಟಾಪಿನಲ್ಲಿ ವಿಜ್ಞಾನಿ ಆಲ್ವಿನ್‌ನನ್ನು ಕೂಲಿ ಹೆಂಗಸೊಬ್ಬಳು ತಡೆದಿದ್ದಳು. ಅವನನ್ನು ಚರ್ಚಿನ ಸನ್ಮಾನಕ್ಕೆ ಕರೆಯಲು ಬಂದಿದ್ದ ಲವಿಟಾ ಹಿಂದೆಯೇ ನಿಂತಳು.

"ಪಡುಬಿದ್ರಿ ಡಾಕ್ಟರ್ ಶಾಲು ಹೊದಿಸಿದ್ದು ನಿಮಗೇ ಅಲ್ರೀ? ಆ ಫೋಟೋ ತೋರಿಸೇ ನಮ್ಮ ಮನಿ ಯಜಮಾನ್ರಿಗೆ ಸೂಜಿ ಮಾಡ್ಯಾನ. ಡಯಾಲಿಸಿಸ್ ಬ್ಯಾಡಂದಾನ."

"ಎಂತ ಸೂಜಿ?"

"ಕಿಡ್ನಿ ಮೂಲಕೋಶದ್ದಂತ. ಹೊಸಾ ರಕ್ತನಾಳ ಬೆಳೀತಾವಂತ."

"ಬೆಳೆಯುತ್ತವೆ ಅಮ್ಮ. ಆ ಸ್ಟೆಮ್ ಸೆಲ್‌ಗಳು ಸಂಕೇತ ಕಳಿಸಿದರೆ ಪಕ್ಕದ ರಕ್ತನಾಳ ಕವಲೊಡೆಯುತ್ತದೆ. ಆದರೆ ನಾವು ನೋಡಿದ್ದು ಇಲಿಯಲ್ಲಿ ಮಾತ್ರ."

"ಇಲಿ ಅಂತ ಸ್ಟೇಜಿನ ಮ್ಯಾಲೆ ಹೇಳಿದ್ರೇನು?"

"ಸನ್ಮಾನ ಮಾಡುವಾಗ ಅದನ್ನೆಲ್ಲ ಹೇಳಿದರೆ ಚಂದ ಇರುವುದಿಲ್ಲ, ಅಲ್ವಾ?"

"ಥೂ! ಅವರೀಗ ಉಸಿರಿಗೆ ಒದ್ದಾಡ್ಲಿಕ್ಕತ್ತಾರ."

ಹೆಂಗಸು ಆಸ್ಪತ್ರೆಯತ್ತ ಓಡಿದಳು. ಆಲ್ವಿನ್ ಬಸ್ ಹತ್ತಿದ. ಲವಿಟಾಳಿಗೆ ಹೇಸಿಗೆಯಾಯಿತು. ಕೈಯಲ್ಲಿದ್ದ ಆಮಂತ್ರಣವನ್ನು ಚೂರುಚೂರು ಮಾಡಿದಳು. ಅದರ ಮೇಲೂ ಶಾಲು ಹೊದ್ದ ಅದೇ ಫೋಟೋ ಇತ್ತು.